ತೀರ್ಪು ಆಗುವವರೆಗೆ ಮನೆಗೆ ಹೋಗುವಂತಿಲ್ಲ

ಜ್ಯೂರಿ ಅಂದರೆ ಕೋರ್ಟಿನಲ್ಲಿ ಕೂತು ಕೇಸು ಕೇಳಿ ತೀರ್ಪು ಕೊಡುವ ಸಾಮಾನ್ಯ ಜನ. ಆ ಡ್ಯೂಟಿಗೆ ಹೋದವರನ್ನು ರಾತ್ರಿ ಮನೆಗೆ ಬಿಡುತ್ತಿರಲಿಲ್ಲ ಅಂದರೆ ಈಗಿನ ನ್ಯೂಯಾರ್ಕಿನ ಹುಡುಗರು ನಂಬುವುದಿಲ್ಲ. ಟಿವಿಯಲ್ಲಿ ಬರುವಂಥ ದೊಡ್ಡ ದೊಡ್ಡ ಕೇಸುಗಳಿಗೆ ಮಾತ್ರ ಹಾಗೆ ಅಂದುಕೊಂಡಿದ್ದಾರೆ. ಆದರೆ ಬಹಳ ಕಾಲ ನ್ಯೂಯಾರ್ಕ್ ರಾಜ್ಯದ ಕಾನೂನೇ ಹಾಗಿತ್ತು. ಕ್ರಿಮಿನಲ್ ಕೇಸಿನಲ್ಲಿ ಸಾಕ್ಷಿ, ವಾದ ಎಲ್ಲ ಮುಗಿದು 12 ಜನ ಚರ್ಚೆಗೆ ಕೋಣೆ ಸೇರಿದರೋ, ಅಲ್ಲಿಂದ ತೀರ್ಪು ಬರುವವರೆಗೆ ಅವರು ಒಟ್ಟಿಗೇ ಇರಬೇಕು. ಕೋರ್ಟಿನ ಕಾವಲಿನಲ್ಲೇ ಇರಬೇಕು. ಸಂಜೆಯೊಳಗೆ ಮುಗಿಯದಿದ್ದರೆ ಹೋಟೆಲು. ಇದಕ್ಕೆ ಜ್ಯೂರಿಯನ್ನು ಸೀಕ್ವೆಸ್ಟರ್ ಮಾಡುವುದು ಅಂತಾರೆ. ಬೇರೆ ರಾಜ್ಯಗಳಲ್ಲಿ ಇದು ಹೆಚ್ಚಾಗಿ ಜಡ್ಜಿಗೆ ಬಿಟ್ಟ ವಿಷಯ. ನಮ್ಮಲ್ಲಿ ಕಡ್ಡಾಯ. 1995ರಲ್ಲಿ ಚಿಕ್ಕ ಅಪರಾಧಗಳಿಗೆ ಸಡಿಲ ಮಾಡಿದರು. ಕೊಲೆ, ಕೊಲೆ ಯತ್ನದಂಥ ಕೇಸುಗಳಿಗೆ 2001ರವರೆಗೂ ಹಾಗೇ ಉಳಿಯಿತು.

ನನ್ನ ಪಾಲಿಗೆ ಬಂದದ್ದು ಕೊಲೆ ಯತ್ನ.

1998ರ ಬೇಸಿಗೆ. ನಾನು ಸಿಟಿಜನ್ ಆಗಿ ಹೆಚ್ಚು ಕಾಲ ಆಗಿರಲಿಲ್ಲ. ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮೈಸೂರಿನಿಂದ ಅತ್ತೆ ಬಂದಿದ್ದರು, ಮಗಳು ಇನ್ನೂ ಚಿಕ್ಕವಳು. ಅಂಥ ಹೊತ್ತಿನಲ್ಲಿ ಕೌಂಟಿ ಕೋರ್ಟಿನಿಂದ ಸಮನ್ಸ್ ಬಂತು. ನಗರದ ಐದು ಬರೋಗಳಲ್ಲಿ ಯಾವುದು, ಯಾವ ಕೋರ್ಟು ಅಂತ ಇಲ್ಲಿ ಹೇಳುವುದಿಲ್ಲ. ಅಲ್ಲಿನವರು ನನಗೇನೂ ಕೆಟ್ಟದ್ದು ಮಾಡಲಿಲ್ಲ, ಆದರೂ ಬೇಡ.

ಆಯ್ಕೆಯ ಕಥೆ ಎಲ್ಲರಿಗೂ ಒಂದೇ. ದೊಡ್ಡ ಹಾಲಿನಲ್ಲಿ ಕೂರಿಸುತ್ತಾರೆ, ಹೆಸರು ಕೂಗುತ್ತಾರೆ, ಲಾಯರುಗಳು ಪ್ರಶ್ನೆ ಕೇಳುತ್ತಾರೆ. ನನ್ನ ಪಕ್ಕ ಕೂತಿದ್ದ ದಂತವೈದ್ಯರೊಬ್ಬರು ಬೆಳಗಿನಿಂದ ಗೊಣಗುತ್ತಲೇ ಇದ್ದರು. ಅವರ ಸಿಟ್ಟಿಗೆ ಕಾರಣವೂ ಇತ್ತು. 1996ಕ್ಕೆ ಮುಂಚೆ ನ್ಯೂಯಾರ್ಕಿನಲ್ಲಿ ಡಾಕ್ಟರು, ದಂತವೈದ್ಯರು, ವಕೀಲರು, ಪಾದ್ರಿಗಳು, ಪೊಲೀಸರು, ಕೊನೆಗೆ ಹೆಣಕ್ಕೆ ಔಷಧಿ ತುಂಬುವವರಿಗೂ ಜ್ಯೂರಿಯಿಂದ ವಿನಾಯಿತಿ ಇತ್ತು. ಮುಖ್ಯ ನ್ಯಾಯಾಧೀಶೆ ಜೂಡಿತ್ ಕೇ ಅವರ ಕಾಲದ ಸುಧಾರಣೆಯಲ್ಲಿ ಆ ಪಟ್ಟಿಯೇ ಹೋಯಿತು. ದಿನಕ್ಕೆ 15 ಡಾಲರ್ ಇದ್ದ ಭತ್ಯೆ 40 ಆಗಿತ್ತು. ‘ನಲವತ್ತು ಡಾಲರಿಗೆ ನಾನು ಒಂದು ಹಲ್ಲೂ ಕೀಳಲ್ಲ’ ಅಂದರು ಅವರು. ಕೊನೆಗೆ ಇಬ್ಬರೂ ಒಂದೇ ಜ್ಯೂರಿಗೆ ಬಿದ್ದೆವು. ನ್ಯೂಯಾರ್ಕಿನಲ್ಲಿ ಫೋರ್‌ಪರ್ಸನ್, ಅಂದರೆ ಜ್ಯೂರಿಯ ಮುಖ್ಯಸ್ಥರನ್ನು ಚುನಾಯಿಸುವುದಿಲ್ಲ. ಯಾರ ಹೆಸರು ಮೊದಲು ಬಂದು ಕೂತರೋ ಅವರೇ. ಆ ಭಾಗ್ಯವೂ ದಂತವೈದ್ಯರಿಗೇ ಬಂತು.

ಕೇಸಿನ ಬಗ್ಗೆ ಇಷ್ಟು ಸಾಕು. ಒಂದು ರಾತ್ರಿ ಒಂದು ಅಂಗಡಿ ಮುಂದೆ ಜಗಳ, ಒಂದು ಗುಂಡು, ಅದು ಒಬ್ಬನ ತೊಡೆಗೆ ಬಿತ್ತು. ಅವನು ಬದುಕಿದ. ಹೊಡೆದವನು ಇವನೇನಾ ಅನ್ನುವುದು ಒಂದು ಪ್ರಶ್ನೆ. ಇವನೇ ಆದರೆ, ಕೊಲ್ಲಬೇಕು ಅಂತಲೇ ಹೊಡೆದನಾ ಅನ್ನುವುದು ಇನ್ನೊಂದು.

ವಾದ ಮುಗಿಯುವ ಹೊತ್ತಿಗೆ ಜಡ್ಜ್ ಹೇಳಿದರು, ‘ಗುರುವಾರ ಬರುವಾಗ ಒಂದು ಬ್ಯಾಗಿನಲ್ಲಿ ರಾತ್ರಿಗೆ ಬೇಕಾದ ಬಟ್ಟೆ, ಮಾತ್ರೆ ಹಾಕಿಕೊಂಡು ಬನ್ನಿ.’ ಮನೆಯಲ್ಲಿ ನಮ್ಮ ಯಜಮಾನರಿಗೆ ಹೇಳಿದೆ. ಬಹುಶಃ ಬೇಕಾಗಲ್ಲ, ಸಂಜೆಯೊಳಗೆ ಮುಗಿಯುತ್ತೆ ಅಂತಲೂ ಹೇಳಿದೆ. ಅತ್ತೆಗೆ ಅವರು ಹೇಳುತ್ತಾರೆ ಅಂತ ನಾನು, ನಾನು ಹೇಳಿರುತ್ತೇನೆ ಅಂತ ಅವರು.

ಗುರುವಾರ ಮಧ್ಯಾಹ್ನ ಜಡ್ಜ್ ಕಾನೂನು ವಿವರಿಸಿ ಮುಗಿಸಿದರು. ಆಮೇಲೆ ಆದದ್ದು ನನಗೆ ಇಡೀ ವಿಚಾರಣೆಗಿಂತ ಚೆನ್ನಾಗಿ ನೆನಪಿದೆ. ಬಿಳಿ ಅಂಗಿಯ ಮೀಸೆ ಆಫೀಸರ್ ಒಬ್ಬರು, ಒಬ್ಬ ಮಹಿಳಾ ಆಫೀಸರ್, ಇನ್ನೂ ಕೆಲವರು ಮುಂದೆ ಬಂದು ಬಲಗೈ ಎತ್ತಿ ನಿಂತರು. ನಮ್ಮನ್ನು ಒಟ್ಟಿಗೆ ಇಡುತ್ತೇವೆ, ಬೇರೆಯವರನ್ನು ಮಾತಾಡಿಸಲು ಬಿಡುವುದಿಲ್ಲ, ಕೇಸಿನ ಬಗ್ಗೆ ತಾವೂ ನಮ್ಮ ಹತ್ತಿರ ಮಾತಾಡುವುದಿಲ್ಲ ಅಂತ ಪ್ರಮಾಣ ಮಾಡಿದರು. ಅಲ್ಲಿಯವರೆಗೆ ಪ್ರಮಾಣ ಮಾಡಿದ್ದು ನಾವು ಮತ್ತು ಸಾಕ್ಷಿಗಳು. ಈಗ ನಮ್ಮನ್ನು ಕಾಯುವವರ ಸರದಿ. ಒಬ್ಬ ಮನುಷ್ಯ ‘ಇವರ ಹತ್ತಿರ ಮಾತಾಡಲ್ಲ’ ಅಂತ ನಮ್ಮೆದುರೇ ಆಣೆ ಇಡುವುದನ್ನು ನೋಡುವುದು ಒಂಥರಾ ವಿಚಿತ್ರ.

ಬದಲಿ ಜ್ಯೂರಿಗಳನ್ನು ಬೇರೆ ಕಡೆ ಕಳಿಸಿದರು. ನಮ್ಮನ್ನು ಜ್ಯೂರಿ ಕೋಣೆಗೆ ಹಾಕಿ ಬಾಗಿಲು ಎಳೆದುಕೊಂಡರು. ಪೇಜರು, ಸೆಲ್‌ಫೋನು ಇದ್ದವರಿಂದ ಅವನ್ನು ಇಸಿದುಕೊಂಡು ಕವರಿನಲ್ಲಿ ಹಾಕಿ ಹೆಸರು ಬರೆದಿಟ್ಟರು.

ಒಂದು ಉದ್ದ ಮೇಜು, ಕುರ್ಚಿ, ಮೂಲೆಯಲ್ಲೇ ಎರಡು ಟಾಯ್ಲೆಟ್ಟು. ಗೋಡೆ ಎಷ್ಟು ತೆಳು ಅಂದರೆ ಒಳಗೆ ಹೋಗುವವರು ಮೊದಲು ನಲ್ಲಿ ತಿರುಗಿಸುತ್ತಿದ್ದರು. ಒಳಗಿನಿಂದ ನಾವು ಬಾಗಿಲು ತಟ್ಟಿದರೆ ಹೊರಗಿನ ಆಫೀಸರ್ ತೆಗೆಯಬೇಕು. ಅವರು ಒಳಗೆ ಬರುವ ಮೊದಲು ಅವರೂ ತಟ್ಟುತ್ತಾರೆ. ತಟ್ಟಿದ ತಕ್ಷಣ ಅರ್ಧ ಮಾತಿನಲ್ಲೇ ಎಲ್ಲರೂ ಗಪ್‌ಚಿಪ್. ಏನು ಬೇಕಿದ್ದರೂ ಫೋರ್‌ಪರ್ಸನ್ ಚೀಟಿ ಬರೆದು ಸಹಿ ಹಾಕಿ ಕವರಿನಲ್ಲಿ ಕೊಡಬೇಕು. ಫೋಟೊ ಬೇಕು, ನಕ್ಷೆ ಬೇಕು, ಎಲ್ಲಕ್ಕೂ ಚೀಟಿ.

ಎಲ್ಲಕ್ಕಿಂತ ಕಷ್ಟ ಕೊಟ್ಟ ನಿಯಮ ಇನ್ನೊಂದು. 12 ಜನರೂ ಕೋಣೆಯಲ್ಲಿದ್ದರೆ ಮಾತ್ರ ಚರ್ಚೆ. ಒಬ್ಬರು ಟಾಯ್ಲೆಟ್ಟಿಗೆ ಹೋದರೂ ನಿಲ್ಲಿಸಬೇಕು. ಸಿಗರೇಟು ಸೇದುವವರು ಕೆಲವರಿದ್ದರು. ಅವರನ್ನು ಒಬ್ಬ ಆಫೀಸರ್ ಕೆಳಗೆ ಕರೆದುಕೊಂಡು ಹೋಗುತ್ತಿದ್ದರು. ಆಗೆಲ್ಲ ಉಳಿದವರು ಗೋಡೆ ನೋಡಿಕೊಂಡು ಕೂರಬೇಕು. ಯಾರೋ ‘ನನಗನ್ನಿಸುತ್ತೆ...’ ಅಂತ ಬಾಯಿ ಬಿಟ್ಟರೆ ದಂತವೈದ್ಯರು ಬೆರಳು ಎತ್ತುತ್ತಿದ್ದರು. ಬೇಡ ಅನ್ನಿಸಿದ ಕೆಲಸವನ್ನು ಅಷ್ಟು ಶಿಸ್ತಾಗಿ ಮಾಡಿದವರನ್ನು ನಾನು ಕಡಿಮೆ ನೋಡಿದ್ದೇನೆ.

ಸಂಜೆ ಆರರ ಹೊತ್ತಿಗೆ ಮೀಸೆ ಆಫೀಸರ್ ಒಂದು ಹಾಳೆ ಹಿಡಿದು ಬಂದರು. ‘ಯಾರ ಮನೆಗೆ ಫೋನ್ ಮಾಡಬೇಕು, ಏನು ಹೇಳಬೇಕು, ಬರೆದುಕೊಡಿ. ನಿಮ್ಮ ಪರವಾಗಿ ನಾನು ಹೇಳ್ತೇನೆ.’ ನಾವೇ ಮಾತಾಡುವ ಹಾಗಿಲ್ಲ. ನಾನು ಬರೆದದ್ದು, ‘ರಾತ್ರಿ ಬರುವುದಿಲ್ಲ, ಹೋಟೆಲಿನಲ್ಲಿರುತ್ತೇನೆ, ಮಗುವಿಗೆ ಕೆಮ್ಮಿನ ಔಷಧಿ ಕೊಡಿ, ರುಬ್ಬಿಟ್ಟ ಹಿಟ್ಟನ್ನು ಫ್ರಿಜ್ಜಿಗೆ ಇಡಿ.’ ಜೂನ್ ತಿಂಗಳ ಸೆಕೆ, ಅಡುಗೆಮನೆ ಕಟ್ಟೆ ಮೇಲೆ ಇಡ್ಲಿ ಹಿಟ್ಟು ಇತ್ತು. ಹೊರಗೇ ಬಿಟ್ಟರೆ ರಾತ್ರಿಯೊಳಗೆ ಪಾತ್ರೆಯಿಂದ ಇಳಿದು ನೆಲಕ್ಕೆ ಬರುತ್ತದೆ.

ಅವರು ಓದಿದರು. ಮತ್ತೆ ಓದಿದರು. ‘ಮ್ಯಾಮ್, ಈ ಹಿಟ್ಟು ಅಂದರೆ ಏನು?’

‘ಅಕ್ಕಿ, ಉದ್ದಿನಬೇಳೆ. ತಿಂಡಿಗೆ.’

‘ಕೇಸಿಗೆ ಸಂಬಂಧ ಇಲ್ಲ ತಾನೆ?’

ಇಲ್ಲ ಅಂದೆ. ಅವರು ಅದರ ಪಕ್ಕದಲ್ಲಿ ‘ಆಹಾರ’ ಅಂತ ಬರೆದುಕೊಂಡರು. ನಗು ಬಂತು, ಆದರೆ ಯೋಚಿಸಿದರೆ ಅವರದು ತಪ್ಪಲ್ಲ. ಆ ಚೀಟಿ ಹೊರಗೆ ಹೋಗುವ ಒಂದೇ ದಾರಿ. ಅದರಲ್ಲಿ ಯಾರಿಗಾದರೂ ಗುಟ್ಟು ಹೋದರೆ ಆಣೆ ಇಟ್ಟವರು ಅವರೇ.

ಫೋನು ಎತ್ತಿದ್ದು ಅತ್ತೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರಿಗೆ ಗೊತ್ತಾದದ್ದು ನಾಲ್ಕು ಮಾತು: ಕೋರ್ಟು, ಆಫೀಸರ್, ಟುನೈಟ್, ನೋ ಹೋಮ್. ಬೆಳಿಗ್ಗೆ ಸೊಸೆ ಬಟ್ಟೆ ಬ್ಯಾಗು ಹಿಡಿದು ಹೋದದ್ದೂ ನೆನಪಾಯಿತು. ತಕ್ಷಣ ಅದೇ ಬಿಲ್ಡಿಂಗಿನಲ್ಲಿದ್ದ ಮಂಡ್ಯದ ಕಡೆಯ ಕುಟುಂಬದ ಬಾಗಿಲು ತಟ್ಟಿದ್ದಾರೆ. ‘ನೋಡಪ್ಪಾ, ನಮ್ಮ ಸೊಸೇನ ಹಿಡ್ಕೊಂಡುಬಿಟ್ಟಿದ್ದಾರೆ’ ಅಂತ. ನಮ್ಮ ಯಜಮಾನರು ಕೆಲಸ ಮುಗಿಸಿ ಬರುವಾಗ ಹಾಲಿನ ತುಂಬ ಜನ. ಫ್ಲಶಿಂಗಿನ ಗಣಪತಿ ದೇವಸ್ಥಾನಕ್ಕೆ ಹರಕೆಯೂ ಆಗಿತ್ತಂತೆ. ಹಿಟ್ಟಿನ ವಿಷಯ ಯಾರಿಗೂ ತಲುಪಲಿಲ್ಲ.

ಜ್ಯೂರಿ ಅಂತ ಬಿಡಿಸಿ ಹೇಳಿದಾಗ ಅತ್ತೆ ಸಮಾಧಾನವಾಗಿ, ‘ಓ, ನಾನಾವತಿ ಕೇಸಲ್ಲಿ ಇದ್ದರಲ್ಲ, ಅವರಾ?’ ಅಂದರಂತೆ. ಮದುವೆಯಾದ ಹೊಸದರಲ್ಲಿ ಅವರು ಬಾಂಬೆಯಲ್ಲಿದ್ದರು. ಮಾವ ಬ್ಲಿಟ್ಜ್ ವಾರಪತ್ರಿಕೆ ತರುತ್ತಿದ್ದರು. 1959ರಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ಹೆಂಡತಿಯ ಸ್ನೇಹಿತನನ್ನು ಗುಂಡಿಟ್ಟು ಕೊಂದ ಕೇಸದು. ಜ್ಯೂರಿ 8-1ರಲ್ಲಿ ತಪ್ಪಿತಸ್ಥನಲ್ಲ ಅಂದಿತು. ಸೆಷನ್ಸ್ ಜಡ್ಜ್ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟು ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ಅಷ್ಟು ಹೊತ್ತಿಗೆ ಪೇಪರುಗಳು ಊರಿಗೆ ಊರನ್ನೇ ಎರಡು ಪಕ್ಷ ಮಾಡಿದ್ದವು. ಭಾರತದಲ್ಲಿ ಜ್ಯೂರಿ ಹೋದದ್ದೇ ಈ ಕೇಸಿನಿಂದ ಅಂತ ಜನ ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. 1958ರಲ್ಲೇ ಕಾನೂನು ಆಯೋಗ ಜ್ಯೂರಿ ಬೇಡ ಅಂದಿತ್ತು. ಕ್ರಿಮಿನಲ್ ಕೇಸು ನಡೆಸುವ ಕಾನೂನಾದ 1973ರ ಸಿಆರ್‌ಪಿಸಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದರೆ ಪೇಪರಿನ ಗದ್ದಲದ ನಡುವೆ ಸಾಮಾನ್ಯ ಜನ ತೀರ್ಪು ಕೊಡುವುದು ಎಂಥ ಕಷ್ಟ ಅನ್ನುವುದಕ್ಕೆ ಆ ಕೇಸನ್ನು ಬಿಟ್ಟು ಬೇರೆ ಉದಾಹರಣೆ ನಮಗೆ ಬೇಡ. ನಮ್ಮನ್ನು ಹೋಟೆಲಿಗೆ ಹಾಕಿದ್ದೂ ಅದೇ ಭಯಕ್ಕೆ.

ರಾತ್ರಿ ಊಟಕ್ಕೆ ಹತ್ತಿರದ ಇಟಾಲಿಯನ್ ಹೋಟೆಲಿಗೆ ಕರೆದುಕೊಂಡು ಹೋದರು. ಕೋರ್ಟಿನ ವ್ಯಾನು. ಮುಂದೊಬ್ಬರು ಆಫೀಸರ್, ಹಿಂದೊಬ್ಬರು. ಮದುವೆ ದಿಬ್ಬಣದ ಹಾಗೆ ಹತ್ತಿ ಇಳಿದೆವು, ಆದರೆ ಯಾರೂ ಮಾತಾಡುತ್ತಿರಲಿಲ್ಲ. ಮೂಲೆಯಲ್ಲಿ ಮೇಜುಗಳನ್ನು ಜೋಡಿಸಿ ಎರಡು ತುದಿಗೂ ಆಫೀಸರುಗಳು ಕೂತರು. ಪರಿಚಾರಕ ಹುಡುಗ ನಗುನಗುತ್ತಾ ಬಂದು ‘ಏನು ವಿಶೇಷ, ಯಾರದ್ದಾದರೂ ಬರ್ತ್‌ಡೇನಾ?’ ಅಂತ ಕೇಳಿದ. ಇಡೀ ಮೇಜು ಮೆನು ನೋಡತೊಡಗಿತು. ‘ಆಫೀಸಿನವರು’ ಅಂದರು ಮಹಿಳಾ ಆಫೀಸರ್. ದಂತವೈದ್ಯರು ಒಂದು ಲೋಟ ವೈನ್ ಕೇಳಿ ನೋಡಿದರು. ಸ್ವಂತ ದುಡ್ಡಿಗೂ ಇಲ್ಲ ಅಂದರು. ನನಗೆ ಮಾಂಸ ಇಲ್ಲದ ಪಾಸ್ತಾ ಸಿಕ್ಕಿತು. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡವರು ಮೀಸೆ ಆಫೀಸರೇ. ಹಿಟ್ಟಿನ ನಂತರ ನನ್ನ ಊಟದ ಬಗ್ಗೆ ಅವರಿಗೆ ಒಂಥರಾ ಜವಾಬ್ದಾರಿ ಬಂದುಬಿಟ್ಟಿತ್ತು.

ಕೇಸು ಮಾತಾಡುವಂತಿಲ್ಲ, ಕೇಸು ಬಿಟ್ಟು ತಲೆಯಲ್ಲಿ ಬೇರೇನೂ ಇಲ್ಲ. ಹಾಗಾಗಿ ಊಟದ ಮಾತೆಲ್ಲ ಬೇರೆ ಜ್ಯೂರಿಗಳದ್ದು. ಮಾಜಿ ಹೆಂಡತಿಯ ಕೊಲೆ ಆರೋಪ ಹೊತ್ತಿದ್ದ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಕೇಸು ಮುಗಿದು ಆಗಿನ್ನೂ ಮೂರು ವರ್ಷ ಆಗಿರಲಿಲ್ಲ. ಲಾಸ್ ಏಂಜಲಿಸ್‌ನಲ್ಲಿ ಆ ಜ್ಯೂರಿಯನ್ನು ಹೋಟೆಲಿನಲ್ಲಿ 265 ದಿನ ಇಟ್ಟಿದ್ದರು. ನಡುವೆ ತಮ್ಮ ಕಾವಲಿಗಿದ್ದ ಮೂವರು ಡೆಪ್ಯುಟಿಗಳನ್ನು ಬದಲಿಸಿದ್ದಕ್ಕೆ ಜ್ಯೂರಿಗಳು ಮುನಿಸಿಕೊಂಡರು. ಹಲವರು ಕಪ್ಪು ಬಟ್ಟೆ ತೊಟ್ಟು ಕೋರ್ಟಿಗೆ ಬಂದರು. ಆಗ ಅದನ್ನು ಟಿವಿಯಲ್ಲಿ ನೋಡಿ ‘ಇದೆಂಥ ಹುಡುಗಾಟ’ ಅಂದುಕೊಂಡಿದ್ದೆ. ಅವತ್ತು ರಾತ್ರಿ ಹಾಗನ್ನಿಸಲಿಲ್ಲ. ಹೊರಗಿನ ಲೋಕ ಕಳಚಿ ಬಿದ್ದ ಮೇಲೆ ಉಪ್ಪು ಬೇಕಾ, ಔಷಧಿ ತಗೊಂಡ್ರಾ ಅಂತ ಕೇಳುವ ಆ ಯೂನಿಫಾರ್ಮಿನವರೇ ಮನೆಯವರಾಗುತ್ತಾರೆ. ಕೆಲವೇ ಗಂಟೆಗಳಲ್ಲಿ ನಮಗೇ ಹಾಗಾಗಿತ್ತು.

ಹೋಟೆಲು ಏರ್‌ಪೋರ್ಟ್ ಹತ್ತಿರ. ಒಂದು ಮಹಡಿಯ ತುದಿಯ ಕೋಣೆಗಳೆಲ್ಲ ನಮಗೆ. ಒಂದೊಂದು ಕೋಣೆಗೆ ಇಬ್ಬರು. ಲಿಫ್ಟಿನ ಎದುರು ಒಂದು ಕುರ್ಚಿ, ಪುಟ್ಟ ಮೇಜು, ಮೇಜಿನ ಮೇಲೆ ರಿಜಿಸ್ಟರು. ಅಲ್ಲಿ ರಾತ್ರಿಯಿಡೀ ಒಬ್ಬರು ಆಫೀಸರ್. ಬಾಗಿಲು ಸ್ವಲ್ಪ ತೆಗೆದರೆ ಸಾಕು, ಕುರ್ಚಿ ಎಳೆದ ಸದ್ದು. ಐಸ್ ಬೇಕಾದರೆ ಅವರ ಜೊತೆ ಹೋಗಬೇಕು. ಕೋಣೆಯೊಳಗೆ ಟಿವಿ ಇತ್ತು, ಕೇಬಲ್ ಇರಲಿಲ್ಲ. ಫೋನು ಇಡುವ ಜಾಗದಲ್ಲಿ ಧೂಳಿನ ಚೌಕ, ಗೋಡೆಯಲ್ಲಿ ತೂತು. ರೇಡಿಯೊ ಇದ್ದ ಅಲಾರಂ ಗಡಿಯಾರವನ್ನೂ ಎತ್ತಿಟ್ಟಿದ್ದರು. ಓದಲು ಉಳಿದದ್ದು ಡ್ರಾಯರಿನ ಬೈಬಲ್ಲು, ಮತ್ತೆ ಬೆಂಕಿ ಬಿದ್ದರೆ ಯಾವ ಮೆಟ್ಟಿಲು ಇಳಿಯಬೇಕು ಅನ್ನುವ ನಕ್ಷೆ.

ನನ್ನ ಜೊತೆಗಿದ್ದವರು ಸಬ್‌ವೇ ಸ್ಟೇಷನ್ನಿನಲ್ಲಿ ಟೋಕನ್ ಮಾರುವ ಹಿರಿಯ ಕಪ್ಪು ಮಹಿಳೆ. ಇಡೀ ವಿಚಾರಣೆಯಲ್ಲಿ ನಾವಿಬ್ಬರೂ ‘ಗುಡ್ ಮಾರ್ನಿಂಗ್’ ಬಿಟ್ಟು ಮಾತಾಡಿರಲಿಲ್ಲ. ಈಗ ಪಕ್ಕದ ಪಕ್ಕದ ಹಾಸಿಗೆ. ಅವರು ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ನಾನು ಮಲಗಿಕೊಂಡೇ ಮನಸ್ಸಿನಲ್ಲಿ ಏನೋ ಹೇಳಿಕೊಂಡೆ. ಅವರ ಬೂತಿನ ಕಥೆ ಹೇಳಿದರು, ನಾನು ಲ್ಯಾಬಿನ ಕಥೆ ಹೇಳಿದೆ. ಮೊಮ್ಮಕ್ಕಳು, ಮಂಡಿ ನೋವು, ಬಾಡಿಗೆ. ದೀಪ ಆರಿಸಿದ ಮೇಲೂ ಇಬ್ಬರಿಗೂ ನಿದ್ದೆ ಇಲ್ಲ. ವಿಮಾನಗಳು ತಲೆ ಮೇಲೇ ಹೋದ ಹಾಗೆ. ಎಷ್ಟೋ ಹೊತ್ತಿನ ಮೇಲೆ ಅವರು ಕತ್ತಲೆಯಲ್ಲಿ, ‘ಕೊಲ್ಲಲೇಬೇಕು ಅಂತಿದ್ದವನು ತೊಡೆಗೆ...’ ಅಂದರು. ತಕ್ಷಣ ನಿಲ್ಲಿಸಿದರು. ಬಾಯಿಗೆ ಕೈ ಬಿದ್ದ ಸದ್ದು ಕೇಳಿಸಿತು. ನಾನು ನಕ್ಕೆ, ಅವರೂ ನಕ್ಕರು. ಆಮೇಲೆ ಮಾತಿಲ್ಲ. ಆದರೆ ಆ ಅರ್ಧ ವಾಕ್ಯ ಬೆಳಗಿನವರೆಗೂ ನನ್ನ ಜೊತೆ ಇತ್ತು.

ಈ ನಿಯಮ ಎಷ್ಟು ನಾಜೂಕಿನದು ಅಂತ ಆಮೇಲೆ ಓದಿ ತಿಳಿದುಕೊಂಡೆ. ಇಂಗ್ಲೆಂಡಿನಲ್ಲಿ 1994ರಲ್ಲಿ ಜೋಡಿ ಕೊಲೆ ಕೇಸಿನ ಜ್ಯೂರಿಯನ್ನು ಬ್ರೈಟನ್‌ನ ಹೋಟೆಲಿನಲ್ಲಿ ಇಟ್ಟಿದ್ದರು. ನಾಲ್ಕು ಜನ ಜ್ಯೂರಿಗಳು ರಾತ್ರಿ ಊಯಿಜಾ ಬೋರ್ಡು ಮಾಡಿಕೊಂಡು, ಲೋಟ ತಿರುಗಿಸಿ, ಸತ್ತವನನ್ನೇ ಕರೆದು ‘ಕೊಂದವರು ಯಾರು’ ಅಂತ ಕೇಳಿದರು! ಮೇಲಿನ ಕೋರ್ಟು ತೀರ್ಪು ರದ್ದು ಮಾಡಿ ಮರುವಿಚಾರಣೆಗೆ ಹಾಕಿತು. ಅದರಲ್ಲೂ ಆ ಆರೋಪಿ ತಪ್ಪಿತಸ್ಥ ಅಂತಲೇ ಆಯಿತು. ಜ್ಯೂರಿ ಕೋಣೆಯೊಳಗೆ ಏನಾಯಿತು ಅಂತ ಕೋರ್ಟು ಕೆದಕುವಂತಿಲ್ಲ. ಆದರೆ ಹೋಟೆಲು ಜ್ಯೂರಿ ಕೋಣೆ ಅಲ್ಲವಲ್ಲ, ಹಾಗಾಗಿ ವಿಚಾರಿಸಬಹುದು ಅಂದರಂತೆ. ಹಿಂಬಾಲಕರಿಂದ ಕೊಲೆ ಮಾಡಿಸಿದ ಆರೋಪ ಹೊತ್ತಿದ್ದ ಚಾರ್ಲ್ಸ್ ಮ್ಯಾನ್ಸನ್‌ನ 1970ರ ಕೇಸಿನಲ್ಲಿ ಜ್ಯೂರಿ ಪೇಪರ್ ತಲೆಬರಹ ನೋಡದಿರಲಿ ಅಂತ ಬಸ್ಸಿನ ಕಿಟಕಿ ಮುಚ್ಚುತ್ತಿದ್ದರು. ಅಧ್ಯಕ್ಷ ನಿಕ್ಸನ್ ಅವನು ತಪ್ಪಿತಸ್ಥ ಅನ್ನುವ ಹಾಗೆ ಮಾತಾಡಿದರು. ಅದು ಪೇಪರಿನಲ್ಲಿ ಬಂತು. ಆ ಪೇಪರನ್ನು ಕೋರ್ಟಿನೊಳಗೇ ಎತ್ತಿ ಹಿಡಿದು ಜ್ಯೂರಿಗೆ ತೋರಿಸಿದ್ದು ಮ್ಯಾನ್ಸನ್! ಕಿಟಕಿ ಮುಚ್ಚಿ ಏನು ಬಂತು ಹೇಳಿ.

ನಮಗೂ ಬೆಳಿಗ್ಗೆ ಪೇಪರು ಕೊಟ್ಟರು. ಆರಕ್ಕೆ ಬಾಗಿಲು ತಟ್ಟಿ ಎಬ್ಬಿಸಿ, ತಿಂಡಿಯ ಮೇಜಿನ ಮೇಲೆ ಇಟ್ಟಿದ್ದರು. ಕೋರ್ಟು, ಪೊಲೀಸು, ಗುಂಡು ಅಂತ ಇದ್ದ ಕಡೆಯೆಲ್ಲ ಕತ್ತರಿ ಆಡಿತ್ತು. ಎತ್ತಿ ಹಿಡಿದರೆ ಕಿಟಕಿಗಳ ಮೂಲಕ ಎದುರಿನವರ ಮುಖ ಕಾಣುತ್ತಿತ್ತು. ನಮ್ಮಲ್ಲೊಬ್ಬರು ನಿವೃತ್ತ ಬಸ್ ಡ್ರೈವರ್, ಬೇಸ್‌ಬಾಲ್ ಹುಚ್ಚು. ನಮ್ಮೂರಿನ ತಂಡ ಯಾಂಕೀಸ್ 114 ಪಂದ್ಯ ಗೆದ್ದ ವರ್ಷ ಅದು. ಊರಿಗೆ ಊರೇ ಅದರ ಗುಂಗಿನಲ್ಲಿತ್ತು. ಅವರು ಆಟದ ಪುಟ ತೆಗೆದರೆ ಹಿಂದಿನ ರಾತ್ರಿಯ ಸ್ಕೋರು ಇರಬೇಕಾದ ಜಾಗದಲ್ಲಿ ದೊಡ್ಡ ತೂತು. ಪುಟದ ಹಿಂಬದಿಯಲ್ಲಿ ಯಾವುದೋ ಕ್ರೈಂ ಸುದ್ದಿ ಇದ್ದಿರಬೇಕು. ‘ಗೆದ್ದರಾ ಇಲ್ಲವಾ, ಅಷ್ಟಾದರೂ ಹೇಳಿ’ ಅಂತ ಮೀಸೆ ಆಫೀಸರನ್ನು ಕೇಳಿದರು. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಣೆಯಲ್ಲಿ ಬೇಸ್‌ಬಾಲ್ ಬರುತ್ತಾ ಇಲ್ಲವಾ ಅಂತ ಲೆಕ್ಕ ಹಾಕುತ್ತಿದ್ದರೋ ಏನೋ. ಕೊನೆಗೆ ಏನೂ ಹೇಳದೆ ಹೆಬ್ಬೆರಳು ಮೇಲೆತ್ತಿದರು.

ಶುಕ್ರವಾರ ಬೆಳಿಗ್ಗೆ ಮುಖ್ಯ ಸಾಕ್ಷಿಯ ಹೇಳಿಕೆಯನ್ನು ಮತ್ತೆ ಕೇಳಬೇಕು ಅಂತ ಚೀಟಿ ಕಳಿಸಿದೆವು. ನಮ್ಮ ಜಡ್ಜ್ ಟಿಪ್ಪಣಿ ಬರೆದುಕೊಳ್ಳಲು ಬಿಟ್ಟಿರಲಿಲ್ಲ. ಕೋರ್ಟಿನಲ್ಲಿ ಎಲ್ಲರೂ ಸೇರಿದ ಮೇಲೆ ಕೋರ್ಟಿನ ಮಾತನ್ನೆಲ್ಲ ದಾಖಲಿಸುವ ಸ್ಟೆನೊಗ್ರಾಫರ್ ತನ್ನ ಯಂತ್ರದ ಉದ್ದನೆಯ ಕಾಗದದಿಂದ ಓದಿದರು. ಪ್ರಶ್ನೆಯೂ ಉತ್ತರವೂ ಒಂದೇ ದನಿ. ಸಾಕ್ಷಿ ‘ಬೀದಿ ದೀಪ ಇತ್ತು’ ಅನ್ನುವ ಮುಂಚೆ ತಡೆದದ್ದು, ನೀರು ಕುಡಿದದ್ದು, ಆರೋಪಿಯ ಕಡೆ ನೋಡಿ ಕಣ್ಣು ತೆಗೆದದ್ದು ಯಾವುದೂ ಆ ಕಾಗದದಲ್ಲಿಲ್ಲ. ಇದ್ದದ್ದು ಬರೀ ಮಾತು. ನಮಗೆ ಬೇಕಾಗಿದ್ದದ್ದೂ ಅದೇ ಅಂತ ಆಗ ತಿಳಿಯಿತು. ಎಷ್ಟು ಅಡಿ ದೂರ, ಎಷ್ಟು ಹೊತ್ತು ನೋಡಿದ. ಹೊಡೆದವನು ಇವನೇ ಅನ್ನುವುದು ಅಲ್ಲಿಗೆ ತೀರ್ಮಾನವಾಯಿತು.

ಕೊಲ್ಲುವ ಉದ್ದೇಶದ ಮೇಲೆ ಗಾಡಿ ನಿಂತಿತು. ಟೋಕನ್ ಬೂತಿನವರು, ಮತ್ತೆ ಒಬ್ಬ ಕಾಲೇಜು ಹುಡುಗ, ಇಬ್ಬರೂ ಒಪ್ಪುತ್ತಿರಲಿಲ್ಲ. ಮಧ್ಯಾಹ್ನ ‘ಒಮ್ಮತ ಆಗುತ್ತಿಲ್ಲ’ ಅಂತ ಚೀಟಿ ಹೋಯಿತು. ಜಡ್ಜ್ ಕರೆಸಿ, ಬೇರೆಯವರ ಮಾತು ಮನಸ್ಸಿಟ್ಟು ಕೇಳಿ, ಆದರೆ ಸುಮ್ನೆ ಮುಗಿಸಬೇಕು ಅಂತ ನಿಮಗನ್ನಿಸಿದ್ದನ್ನು ಬಿಟ್ಟುಕೊಡಬೇಡಿ, ಮತ್ತೆ ಪ್ರಯತ್ನಿಸಿ ಅಂದರು. ಇದಕ್ಕೆ ಆಲನ್ ಚಾರ್ಜ್ ಅಂತ ಹೆಸರು. 1896ರ ಅಮೆರಿಕದ ಸುಪ್ರೀಂ ಕೋರ್ಟಿನ ಕೇಸೊಂದರಿಂದ ಬಂದದ್ದು. ಅದರಿಂದ ನಮ್ಮ ಕೋಣೆಯಲ್ಲಿ ಏನೂ ಬದಲಾಗಲಿಲ್ಲ.

ಬದಲಾಯಿಸಿದ್ದು ಒಂದು ಹಾಳೆ. ನಾಲ್ಕು ಗಂಟೆಗೆ ಮಹಿಳಾ ಆಫೀಸರ್ ಬಾಗಿಲು ತಟ್ಟಿ ಬಂದರು. ‘ರಾತ್ರಿ ಊಟಕ್ಕೆ ಯಾರಿಗೆ ಏನು, ಟಿಕ್ ಮಾಡಿ. ಹಾಗೇ ಶನಿವಾರ, ಭಾನುವಾರಕ್ಕೆ ಬೇಕಾದ ಬಟ್ಟೆ, ಮಾತ್ರೆ ಬರೆಯಿರಿ. ಮನೆಯಿಂದ ತರಿಸುತ್ತೇವೆ.’ ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅದು ಅವರ ಕೆಲಸ. ಹಾಳೆ ಮೇಜಿನ ಸುತ್ತ ಹೋಯಿತು. ಕಾಲೇಜು ಹುಡುಗನಿಗೆ ಶನಿವಾರ ಅಂಗಡಿಯಲ್ಲಿ ಶಿಫ್ಟು, ಹೋಗದಿದ್ದರೆ ದುಡ್ಡಿಲ್ಲ. ಒಬ್ಬರಿಗೆ ಮೊಮ್ಮಗಳ ಹುಟ್ಟುಹಬ್ಬ. ನಾನು ಕೆಮ್ಮುವ ಮಗು, ಹೆದರಿಕೊಂಡಿರಬಹುದಾದ ಅತ್ತೆಯನ್ನು ನೆನೆಸಿಕೊಂಡೆ. ಯಾರೂ ಒಂದು ಮಾತೂ ಹೇಳಲಿಲ್ಲ. ಆಫೀಸರ್ ಹೋದ ಮೇಲೆ ಚರ್ಚೆಯ ಕಾಲಿಗೆ ಚಕ್ರ ಬಂತು.

ಏಳು ಗಂಟೆಯೊಳಗೆ ತೀರ್ಪು. ಕೊಲೆ ಯತ್ನ ಸಾಬೀತಾಗಿಲ್ಲ. ಮೊದಲ ದರ್ಜೆಯ ಹಲ್ಲೆ, ಸಾಬೀತಾಗಿದೆ. ಬೇರೆಯವರು ಆ ಇಬ್ಬರ ಕಡೆಗೇ ಬಂದದ್ದು. ತೊಡೆಗೆ ಬಿದ್ದ ಒಂದೇ ಗುಂಡು, ಆಮೇಲೆ ಅವನು ಓಡಿಹೋದದ್ದು, ಇವೆರಡನ್ನು ಇಟ್ಟುಕೊಂಡು ಸಂಶಯಕ್ಕೆ ಎಡೆಯಿಲ್ಲದ ಹಾಗೆ ಕೊಲ್ಲುವ ಉದ್ದೇಶ ಅನ್ನಲು ಆಗುವುದಿಲ್ಲ. ತೀರ್ಪು ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಕ್ಲರ್ಕು ಒಬ್ಬೊಬ್ಬರನ್ನೇ ‘ಇದು ನಿಮ್ಮ ತೀರ್ಪೇನಾ?’ ಅಂತ ಕೇಳಿದಾಗ ‘ಹೌದು’ ಅಂದ ದನಿಯಲ್ಲಿ ಅಳುಕಿರಲಿಲ್ಲ.

ನನ್ನ ತಕರಾರು ಬೇರೆ. ಹೊರಗಿನ ಗಾಳಿ ಸೋಕಬಾರದು ಅಂತ ನಮ್ಮನ್ನು ಕೂಡಿಟ್ಟರು. ನಮ್ಮಂಥ ಸಣ್ಣ ಕೇಸಿಗೆ ಹೊರಗೆ ಗಾಳಿಯೇ ಇರಲಿಲ್ಲ. ಯಾರೂ ನಮ್ಮನ್ನು ಹೆದರಿಸಲಿಲ್ಲ, ಯಾರೂ ಲಂಚ ಕೊಡಲು ಬರಲಿಲ್ಲ. ಆ ಕೋಣೆಗೆ ಬಂದ ಒತ್ತಡ ಅಂದರೆ ಕೂಡಿಟ್ಟದ್ದರ ಒತ್ತಡವೇ. ಹಳೆಯ ಇಂಗ್ಲಿಷ್ ಕಾನೂನಿನವರು ಇದನ್ನು ಮುಚ್ಚಿಡುತ್ತಿರಲಿಲ್ಲ. ಊಟ, ನೀರು, ಬೆಂಕಿ, ದೀಪ ಕೊಡದೆ ಜ್ಯೂರಿಯನ್ನು ಇಡಬೇಕು, ಆಗ ಬೇಗ ಒಪ್ಪುತ್ತಾರೆ ಅಂತ ನೇರವಾಗಿಯೇ ಬರೆದಿಟ್ಟಿದ್ದಾರೆ. 1670ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪೆನ್ ಕೇಸಿನ ಜ್ಯೂರಿಯನ್ನು ಹಾಗೇ ಎರಡು ರಾತ್ರಿ ಕೂಡಿಹಾಕಿದರು. ಅವರು ಜಗ್ಗಲಿಲ್ಲ. ಬಿಡುಗಡೆಯಾದ ಆ ಪೆನ್ ಆಮೇಲೆ ಪೆನ್ಸಿಲ್ವೇನಿಯಾ ಕಟ್ಟಿದರು. ಪೆನ್ ಕೇಸಿನ ಜ್ಯೂರಿಗಳಷ್ಟು ಗಟ್ಟಿಗರು ಎಲ್ಲ ಜ್ಯೂರಿಯಲ್ಲೂ ಸಿಗುವುದಿಲ್ಲ. ನಮಗೆ ಪಾಸ್ತಾ ಕೊಟ್ಟರು, ಮೆತ್ತನೆಯ ಹಾಸಿಗೆ ಕೊಟ್ಟರು, ಅಷ್ಟೇ ವ್ಯತ್ಯಾಸ. ಆ ಹಾಳೆ ಬರದಿದ್ದರೆ ನಾವು ಅದೇ ತೀರ್ಪಿಗೆ ಬರುತ್ತಿದ್ದೆವಾ? ಬರುತ್ತಿದ್ದೆವು ಅಂದುಕೊಂಡಿದ್ದೇನೆ. ಆದರೆ ಶುಕ್ರವಾರ ಏಳು ಗಂಟೆಯೊಳಗೆ ಖಂಡಿತ ಅಲ್ಲ.

ರಾತ್ರಿ ನಮ್ಮನ್ನು ವ್ಯಾನಿನಲ್ಲೇ ಮನೆಮನೆಗೆ ಬಿಟ್ಟರು. ನನ್ನದು ಕೊನೆಯ ಸ್ಟಾಪು. ಈಗಂತೂ ಮಾತಾಡಬಹುದಲ್ಲ ಅಂತ ಮೀಸೆ ಆಫೀಸರನ್ನು ಕೇಳಿದೆ, ‘ನಿಮಗೇನು ಅನ್ನಿಸಿತು, ಸರಿ ಮಾಡಿದೆವಾ?’

‘ನಾನು ಕೇಸೇ ಕೇಳಲಿಲ್ಲ ಮ್ಯಾಮ್. ಬಾಗಿಲ ಹೊರಗಿದ್ದೆ’ ಅಂದರು. ಸ್ವಲ್ಪ ದೂರ ಹೋದ ಮೇಲೆ ಅವರೇ ಕೇಳಿದರು, ‘ಆ ಹಿಟ್ಟು ಏನಾಯ್ತು?’

ಏನಾಗಿತ್ತು ಅಂತ ಮನೆಗೆ ಹೋದ ಮೇಲೆ ಗೊತ್ತಾಯಿತು. ಅತ್ತೆ ಮೊದಲು ನನ್ನನ್ನು ನೋಡಿ ದೇವರಿಗೆ ಕೈ ಮುಗಿದರು. ಆಮೇಲೆ, ‘ಎಲ್ಲ ಕಟ್ಟೆ ಮೇಲೆ ಹರಿದುಹೋಗಿತ್ತು ಕಣಮ್ಮಾ, ಒಂದು ಮಾತು ಹೇಳಿ ಹೋಗಬಾರದಿತ್ತಾ?’ ಅಂದರು.

2001ರಲ್ಲಿ ಕಡ್ಡಾಯ ಹೋಯಿತು. ಈಗ ನ್ಯೂಯಾರ್ಕಿನಲ್ಲೂ ಅದು ಜಡ್ಜಿಗೆ ಬಿಟ್ಟದ್ದು. ಹೆಚ್ಚಿನ ಜ್ಯೂರಿಗಳು ಚರ್ಚೆಯ ನಡುವೆಯೂ ಮನೆಗೆ ಹೋಗಿ ಮಲಗುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಮಗಳಿಗೂ ಸಮನ್ಸ್ ಬಂತು, ಅವಳಿಗೂ ಕ್ರಿಮಿನಲ್ ಕೇಸೇ. ದಿನಾ ಸಂಜೆ ಸಬ್‌ವೇ ಹತ್ತಿ ಮನೆಗೆ ಬರುತ್ತಿದ್ದಳು. ಕೇಬಲ್ ಕಿತ್ತ ಟಿವಿ ಇಲ್ಲ, ಕುರ್ಚಿಯಲ್ಲಿ ಆಫೀಸರ್ ಇಲ್ಲ. ಗೂಗಲ್ ಮಾಡಬೇಡಿ, ಯಾರ ಹತ್ತಿರವೂ ಮಾತಾಡಬೇಡಿ ಅಂತ ಜಡ್ಜ್ ಹೇಳಿದ ಮಾತು ಅಷ್ಟೇ ಕಾವಲು, ಅದೂ ಕೈಯಲ್ಲಿ ಫೋನು ಇಟ್ಟುಕೊಂಡು. ಊಟಕ್ಕೆ ಕೂತಾಗ ಅವರಪ್ಪ ‘ಏನಮ್ಮಾ ನಿನ್ನ ಕೇಸು?’ ಅಂತ ಶುರು ಮಾಡಿದರೆ ನಾನೇ ಸನ್ನೆ ಮಾಡಿ ಬಾಯಿ ಮುಚ್ಚಿಸುತ್ತಿದ್ದೆ. ನ್ಯೂಸ್ ಬರುವ ಹೊತ್ತಿಗೆ ಟಿವಿ ಆರಿಸುತ್ತಿದ್ದೆ. ಅವಳಿಗೆ ನಗು. ‘ಅಮ್ಮಾ, ನಿನಗೆ ಯೂನಿಫಾರ್ಮ್ ಒಂದು ಕಡಿಮೆ’ ಅನ್ನುತ್ತಿದ್ದಳು.

ಅವರಿಗೂ ಶುಕ್ರವಾರ ಸಂಜೆ ಬಂತು, ಅವರಲ್ಲೂ ಒಪ್ಪದವರಿದ್ದರು ಅಂತ ಆಮೇಲೆ ಹೇಳಿದಳು. ಐದು ಗಂಟೆಗೆ ಜಡ್ಜ್ ಎಲ್ಲರನ್ನೂ ಮನೆಗೆ ಕಳಿಸಿದರು. ಶನಿವಾರ ಅವಳು ಬಟ್ಟೆ ಒಗೆದಳು, ಗೆಳತಿಯ ಮನೆಗೆ ಹೋಗಿ ಬಂದಳು. ಸೋಮವಾರ ಬೆಳಿಗ್ಗೆ ಮತ್ತೆ ಕೋರ್ಟಿಗೆ ಹೋದಳು. ತೀರ್ಪು ಬಂದದ್ದು ಬುಧವಾರ.